ಹಿಂಬದಿಯ ಪುಟ

ಚಾಮರಾಜಪೇಟೆಯ ಆ ಮನೆಯಲ್ಲಿ ಗುರುವಾರ ಬಂತೆಂದರೆ ಎಲ್ಲರ ಕಣ್ಣೂ ಗೇಟಿನ ಕಡೆಗೆ. ಪೇಪರಿನವನು ವಾರಪತ್ರಿಕೆಯನ್ನು ಕಾಂಪೌಂಡಿನೊಳಕ್ಕೆ ಎಸೆದ ಕೂಡಲೆ ಅದನ್ನು ಎತ್ತಿಕೊಳ್ಳುವ ಹಕ್ಕು ಯಜಮಾನರಾದ ಚಂದ್ರಶೇಖರಯ್ಯನವರದು. ಪಿ.ಡಬ್ಲ್ಯು.ಡಿ.ಯಲ್ಲಿ ಹೆಡ್‌ಕ್ಲಾರ್ಕಾಗಿದ್ದು ರಿಟೈರಾದವರು. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಪದಬಂಧ ತುಂಬಿ ಮುಗಿಸುವ ತನಕ ಯಾರ ಕೈಗೂ ಕೊಡರು. ಆಮೇಲೆ ಊಟ. ಊಟವಾದ ಮೇಲೆ ಅವರ ಹೆಂಡತಿ ಸರಸ್ವತಮ್ಮನವರ ಸರದಿ. ಈಯಮ್ಮ ಬರೀ ಓದಿ ಸುಮ್ಮನಾಗುವವರಲ್ಲ. ಧಾರಾವಾಹಿ ಓದಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ಟೀಲಿನ ಅಡಿಕೋಲು ಒತ್ತಿ ಹಿಡಿದು ಆ ಹಾಳೆಗಳನ್ನು ನೀಟಾಗಿ ಹರಿದು ತೆಗೆದು, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಡುವರು. ಕಥೆ ಮುಗಿದ ಮೇಲೆ ಎಲ್ಲ ಕಂತುಗಳನ್ನೂ ಸೇರಿಸಿ ಕಾಟನ್‌ಪೇಟೆಯ ಲಕ್ಷ್ಮಯ್ಯನ ಅಂಗಡಿಯಲ್ಲಿ ಬೈಂಡ್ ಮಾಡಿಸುವುದು. ಹೀಗೆ ಹದಿನೇಳು ವರ್ಷದಲ್ಲಿ ಹದಿನಾಲ್ಕು ಪುಸ್ತಕವಾಗಿತ್ತು. ಸುತ್ತಮುತ್ತಲ ನಾಲ್ಕು ಬೀದಿಯಲ್ಲಿ ಅವನ್ನು ಓದದ ಹೆಂಗಸರಿಲ್ಲ. ಯಾರ ಮನೆಯ ಅರಿಸಿನ ಕುಂಕುಮಕ್ಕೆ ಹೋದರೂ ‘ಸರಸ್ವತಮ್ಮೋರು ಬಂದ್ರು, ಚಾಪೆ ಹಾಕ್ರೇ’ ಎನ್ನುವಷ್ಟು ಮರ್ಯಾದೆ ಅವರಿಗೆ ಆ ಪುಸ್ತಕಗಳಿಂದಲೇ ಬಂದಿತ್ತು.

ಇಂಥ ಮನೆಗೆ ೧೯೮೦ರ ಬೇಸಿಗೆಯಲ್ಲಿ ಸೊಸೆಯಾಗಿ ಬಂದವಳು ತ್ರಿಪುರಸುಂದರಿ. ಮಲ್ಲೇಶ್ವರದ ಹೈಸ್ಕೂಲು ಸೈನ್ಸ್ ಮೇಷ್ಟರ ಮಗಳು. ಅವಳ ಟ್ರಂಕನ್ನು ಒಳಗೆ ಸಾಗಿಸುವಾಗ ಗಂಡ ಬದರೀನಾರಾಯಣನ ಸೊಂಟ ಹಿಡಿದುಕೊಂಡಿತು. ತೆಗೆದು ನೋಡಿದರೆ ಮೇಲೆ ಎಂಟೇ ಎಂಟು ಸೀರೆ, ಕೆಳಗೆಲ್ಲ ಪುಸ್ತಕ! ಅವೆನ್ಯೂ ರೋಡಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಇಂಗ್ಲಿಷ್ ಕಾದಂಬರಿಗಳು, ರಷ್ಯಾದಿಂದ ಬಂದ ನುಣುಪು ಕಾಗದದ ಗಗನಯಾತ್ರೆಯ ಚಿತ್ರಪುಸ್ತಕ, ಪೇಪರಿನಿಂದ ಕತ್ತರಿಸಿದ ಗ್ರಹಗಳ ಫೋಟೋಗಳು. ಟ್ರಂಕಿನ ಮುಚ್ಚಳದ ಒಳಬದಿಗೆ ಬೇರೆ ಹೆಣ್ಣುಮಕ್ಕಳು ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಅಂಟಿಸಿಕೊಂಡಿದ್ದರೆ, ಇವಳು ಚಂದ್ರನ ಮೇಲೆ ನಿಂತ ಮನುಷ್ಯನನ್ನು ಅಂಟಿಸಿದ್ದಳು.

“ಇವನ್ಯಾರೇ, ಹಾಸಿಗೆ ಸುತ್ಕೊಂಡು ನಿಂತಿರೋನು?” ಎಂದು ಅತ್ತೆ ಕೇಳಿದರು.

“ಅಲ್ಲಿ ಗಾಳಿ ಇಲ್ಲ ಅತ್ತೆ. ಅದಕ್ಕೆ ಹಾಗೆ.”

“ಗಾಳಿ ಇಲ್ಲದ ಕಡೆ ಯಾಕೆ ಹೋಗ್ಬೇಕಿತ್ತು? ಮನೇಲಿ ಹೆಂಡ್ತಿ ಮಕ್ಕಳು ಇರ್ಲಿಲ್ವಾ ಅವನಿಗೆ?”

ತ್ರಿಪುರಸುಂದರಿ ನಕ್ಕುಬಿಟ್ಟಳು. ಸರಸ್ವತಮ್ಮನವರೂ ನಕ್ಕರು. ಒಳ್ಳೆಯ ಹುಡುಗಿ, ಹುಳಿಗೆ ಉಪ್ಪು ಸರಿಯಾಗಿ ಹಾಕುತ್ತಾಳೆ, ತಲೆಯಲ್ಲಿ ಸ್ವಲ್ಪ ಆಕಾಶ ತುಂಬಿದೆ ಅಷ್ಟೆ, ಒಂದು ಮಗುವಾದರೆ ಇಳಿಯುತ್ತದೆ ಎಂದು ಗಂಡನ ಹತ್ತಿರ ಹೇಳಿದರು.

ತಾಪತ್ರಯ ಶುರುವಾದದ್ದು ದೀಪಾವಳಿಯ ವಾರ. ಪತ್ರಿಕೆಯಲ್ಲಿ ಒಮ್ಮೆಗೇ ಎರಡು ಧಾರಾವಾಹಿ ಹೊಸದಾಗಿ ಆರಂಭವಾದವು. ಒಂದು ಸರಸ್ವತಮ್ಮನವರಿಗೆ ಹೇಳಿ ಮಾಡಿಸಿದ ಸಂಸಾರದ ಕಥೆ. ಅದರಲ್ಲಿ ಶಾರದೆ ಎಂಬ ಸೊಸೆ, ಅವಳಿಗೊಬ್ಬಳು ಬಾಯಿಬಡುಕಿ ಅತ್ತೆ. ಪ್ರತಿ ಕಂತಿನ ಕೊನೆಯಲ್ಲೂ ಶಾರದೆ ಕಂಬಕ್ಕೆ ಒರಗಿ ಅಳುತ್ತಾಳೆ. ಇನ್ನೊಂದು ‘ಶನಿಯಂಗಳಕ್ಕೆ ಒಂಬತ್ತು ವರ್ಷ’. ಆ ತಿಂಗಳು ಅಮೆರಿಕದವರ ನೌಕೆಯೊಂದು ಶನಿಗ್ರಹದ ಹತ್ತಿರ ಹಾಯುತ್ತದೆಂದು ಪೇಪರಿನಲ್ಲೆಲ್ಲ ಬರುತ್ತಿದ್ದುದರಿಂದ ಸಂಪಾದಕರಿಗೂ ಹುರುಪು ಬಂದಿತ್ತೋ ಏನೋ. ಕಥೆಯಲ್ಲಿ ತುಮಕೂರಿನ ಕಡೆಯ ಕಮಲಾಕ್ಷಿ ಎಂಬ ಹೆಂಗಸು ನಲವತ್ತು ಜನರನ್ನು ಕೂರಿಸಿಕೊಂಡು ಗಗನನೌಕೆ ನಡೆಸುತ್ತಾಳೆ. ಒಳಗೇ ಹರಿವೆ ಸೊಪ್ಪು ಬೆಳೆಯುತ್ತಾರೆ, ಒಳಗೇ ಹೆರಿಗೆಯಾಗುತ್ತದೆ, ಒಳಗೇ ಜಗಳವಾಡುತ್ತಾರೆ. ಹೆಂಗಸು ನೌಕೆ ನಡೆಸುವ ಕಥೆ, ಅದೂ ಕನ್ನಡದಲ್ಲಿ, ತ್ರಿಪುರಸುಂದರಿ ಓದಿದ್ದು ಅದೇ ಮೊದಲು. ಓದಿ ಮುಗಿಸಿದವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದನ್ನು ತಾನೂ ಒಂದು ಕಂತು ಬಿಡದೆ ಕೂಡಿಸಿ, ಅತ್ತೆಯ ಹಾಗೆ ಪುಸ್ತಕ ಮಾಡಿಸಬೇಕು ಎಂದು ಅವಳು ಆವತ್ತೇ ನಿಶ್ಚಯಿಸಿದಳು. ಮನೆಗೆ ಬಂದಾಗಿನಿಂದ ಅವಳು ಮನಸ್ಸಿಟ್ಟು ಆಸೆಪಟ್ಟದ್ದು ಅದೊಂದೇ.

ಆದರೆ ಸರಸ್ವತಮ್ಮನವರ ಅಡಿಕೋಲು ಆಗಲೇ ಪತ್ರಿಕೆಯ ಮೇಲೆ ಕೂತಿತ್ತು.

“ಅತ್ತೆ, ಆ ಕೊನೇ ಹಾಳೆ ನನಗೆ ಬೇಕಾಗಿತ್ತು.”

“ಯಾವುದು?”

“ನಿಮ್ಮ ಕಥೆ ಮುಗಿಯೋ ಹಾಳೆ. ಅದರ ಹಿಂದೇನೇ ನನ್ನ ಕಥೆ ಶುರುವಾಗೋದು.”

ಸರಸ್ವತಮ್ಮ ಹಾಳೆ ಮಗುಚಿ ನೋಡಿದರು. ಈಚೆ ಕಡೆ ಶಾರದೆ ಅಳುತ್ತಿದ್ದಾಳೆ. ಆಚೆ ಕಡೆ ಅರ್ಧ ಪುಟ ಚಿತ್ರ, ದೊಡ್ಡ ಬಳೆ ತೊಟ್ಟ ಶನಿಗ್ರಹ, ಕಿಟಕಿಯಿಂದ ಅದನ್ನು ನೋಡುತ್ತಿರುವ ಜಡೆಯ ಹೆಂಗಸು.

“ಅಯ್ಯೋ ರಾಮ! ಶನಿ ಬಂದು ನನ್ನ ಕಥೆ ಬೆನ್ನಿಗೇ ಹತ್ಕೊಂಡಿದಾನಲ್ಲೇ!”

“ಈ ಹಾಳೆ ನೀವು ತಗೊಂಡ್ರೆ ನನಗೆ ಪ್ರತೀ ವಾರ ಮೊದಲನೇ ಪುಟಾನೇ ಇರಲ್ಲ.”

“ನೀನು ತಗೊಂಡ್ರೆ ನನಗೆ ಕೊನೇ ಪುಟ ಇರಲ್ವಲ್ಲಮ್ಮ. ಕೊನೆ ಇಲ್ಲದ ಕಥೆ ಯಾರು ಓದ್ತಾರೆ?”

“ಮೊದಲಿಲ್ಲದ್ದನ್ನ ಓದ್ತಾರಾ?”

ಪಂಚಾಯ್ತಿ ಚಂದ್ರಶೇಖರಯ್ಯನವರ ಮುಂದೆ ಹೋಯಿತು. ಅವರು ಕನ್ನಡಕ ಹಣೆಗೇರಿಸಿ, ಎರಡೂ ಕಡೆ ನೋಡಿ, ಫೈಲು ವಿಲೇವಾರಿ ಮಾಡುವ ಗತ್ತಿನಲ್ಲಿ ಹೇಳಿದರು: “ಇಂಥ ಕೇಸಲ್ಲಿ ಸೀನಿಯಾರಿಟಿ ನೋಡ್ಬೇಕಾಗತ್ತೆ. ನಿಮ್ಮತ್ತೆ ಅರವತ್ಮೂರನೇ ಇಸವಿಯಿಂದ ಸರ್ವೀಸಲ್ಲಿದಾಳೆ.”

“ಇನ್ನೊಂದು ಕಾಪಿ ತಂದ್ಬಿಟ್ರಾಯ್ತಪ್ಪ,” ಎಂದ ಬದರಿ.

“ಒಂದೇ ಮನೆಗೆ ಎರಡು ಕಾಪಿನಾ? ಅತ್ತೆ ಸೊಸೆ ಬೇರೆಯಾದ್ರು ಅಂತಾರೆ ಬೀದಿಯವರು. ಸುಮ್ನಿರೋ.”

ಬದರಿ ಸುಮ್ಮನಿರಲಿಲ್ಲ, ಪಾಪ. ಹೊಸ ಹೆಂಡತಿ. ಅಂಗಡಿಯಲ್ಲಿ ಕೇಳಿದರೆ ಗುರುವಾರ ಹತ್ತು ಗಂಟೆಗೇ ಖಾಲಿ. ಏಜೀಸ್ ಆಫೀಸಿನಲ್ಲಿ ತನ್ನ ಪಕ್ಕದ ಸೀಟಿನವನನ್ನು ಗೋಗರೆದು ಹಳೆಯದೊಂದನ್ನು ತಂದ. ತೆರೆದು ನೋಡಿದರೆ ಅದೇ ಹಾಳೆಯನ್ನು ಯಾರೋ ನೀಟಾಗಿ ಹರಿದು ತೆಗೆದಿದ್ದರು. ಆ ಮನೆಯಲ್ಲೂ ಒಬ್ಬ ಅತ್ತೆ ಇದ್ದರೆಂದು ಕಾಣುತ್ತದೆ.

ಕೊನೆಗೆ ಆದ ಒಪ್ಪಂದ ಇಷ್ಟು: ಗುರುವಾರ ಮಧ್ಯಾಹ್ನ ಎರಡರಿಂದ ಮೂರೂವರೆ ತನಕ ಹಾಳೆ ಸೊಸೆಯ ಕೈಯಲ್ಲಿ, ನಾಲ್ಕು ಗಂಟೆ ಕಾಫಿಯ ಹೊತ್ತಿಗೆ ಬೀರುವಿನಲ್ಲಿ. ತ್ರಿಪುರಸುಂದರಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆ ಮೊದಲ ಪುಟವನ್ನು ಶಾಯಿ ಪೆನ್ನಿನಿಂದ ಇಳಿಸಿಕೊಳ್ಳುವಳು. ಅಕ್ಷರವೇನೋ ಇಳಿಯಿತು. ಚಿತ್ರ ಇಳಿಯಬೇಕಲ್ಲ? ಅವಳು ಬರೆದ ಶನಿಗ್ರಹ ತಟ್ಟೆಯಲ್ಲಿಟ್ಟ ಲಾಡಿನ ಹಾಗಿತ್ತು, ಕಮಲಾಕ್ಷಿಯ ಜಡೆ ಪಡವಲಕಾಯಿಯ ಹಾಗಿತ್ತು. ಆದರೂ ಬಿಡಲಿಲ್ಲ. ಒಂದು ಕೈಯಲ್ಲಿ ಬೇಳೆ ಬೆಂದಿತೇ ಎಂದು ಸೌಟಾಡಿಸುತ್ತ, ಇನ್ನೊಂದು ಕೈಯಲ್ಲಿ ಬರೆಯುತ್ತ ಹತ್ತೊಂಬತ್ತು ವಾರ ತಳ್ಳಿದಳು. ನಡುನಡುವೆ ಅವಳ ಹುಚ್ಚು ಹೊಸಿಲಿಗೂ ಬರುತ್ತಿತ್ತು. ಧನುರ್ಮಾಸದ ಒಂದು ಬೆಳಗ್ಗೆ ಬಾಗಿಲ ಮುಂದೆ ಬಳೆ ತೊಟ್ಟ ಶನಿಯ ರಂಗೋಲಿ ಬಿಟ್ಟಳು. ಹಾಲು ಕೊಡಲು ಬಂದ ಚಿಕ್ಕಮುನಿಯಮ್ಮ ಅದನ್ನು ದಾಟಲಾರದೆ ನಿಂತು, “ಇದ್ಯಾವ ದ್ಯಾವ್ರ ಚಕ್ರನವ್ವ?” ಎಂದು ಕೈಮುಗಿದಳು. ಸರಸ್ವತಮ್ಮ ಒಳಗಿನಿಂದಲೇ, “ದೇವರಲ್ಲ, ನಮ್ಮ ಸೊಸೆ ತೌರುಮನೆ ಕಡೆಯೋನು, ತುಳ್ಕೊಂಡು ಬಾರೇ,” ಎಂದರು.

ಮಾರ್ಚಿನಲ್ಲಿ ಶಾರದೆಯ ಕಥೆ ಮುಗಿಯಿತು. ಅತ್ತೆಗೆ ಬುದ್ಧಿ ಬಂತು, ಶಾರದೆ ಸಂತೋಷಕ್ಕೆ ಇನ್ನೊಂದು ಸಲ ಅತ್ತಳು. ಯುಗಾದಿಯೊಳಗೆ ಹದಿನೈದನೆಯ ಪುಸ್ತಕ ಬೈಂಡ್ ಆಗಿ ಬಂತು. ವಾಡಿಕೆಯಂತೆ ಮೊದಲು ಓದಲು ಕೊಟ್ಟದ್ದು ಎದುರು ಮನೆಯ ಗೋದಮ್ಮನವರಿಗೆ. ನಾಲ್ಕು ದಿನ ಕಳೆದು ಗೋದಮ್ಮ ಪುಸ್ತಕ ಹಿಡಿದು ಓಡೋಡಿ ಬಂದರು. ತ್ರಿಪುರಸುಂದರಿ ಅಡುಗೆಮನೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಡುಮನೆಯ ಮಾತು ಚೆನ್ನಾಗಿ ಕೇಳುತ್ತಿತ್ತು.

“ಕಥೆ ಚೆನ್ನಾಗಿದೆ ಸರಸ್ವತಮ್ಮೋರೇ, ಎಂದಿನ ಹಾಗೇ ಅತ್ತೂ ಅತ್ತೂ ಸಾಕಾಯ್ತು. ಅದಿರ್ಲಿ, ಆ ನೀರಿನ ಟ್ಯಾಂಕಿಗೆ ತೂತು ಬಿತ್ತಲ್ಲ, ಆಮೇಲೇನಾಯ್ತು?”

“ಯಾವ ಟ್ಯಾಂಕು? ಶಾರದೆ ಮನೇಲಿ ಬಾವಿ ಇರೋದು.”

“ಅಯ್ಯೋ, ಹಿಂದಿನ ಪುಟದ್ದು! ಕಮಲಾಕ್ಷೀದು! ನಾನು ಮೊದಲು ಎರಡೂ ಒಂದೇ ಕಥೆ ಅಂದ್ಕೊಂಡೆ ಕಣ್ರೀ. ಕಮಲಾಕ್ಷಿ ಆಕಾಶದ ಮಧ್ಯೆ ನಡುಗೋ ಕೈಯಲ್ಲಿ ಬಾಗಿಲು ತೆಗೀತಾಳೆ, ‘ಹೊರಗೆ ನಿಂತಿದ್ದುದು’ ಅಂತ ಪುಟ ಮುಗಿಯತ್ತೆ. ಪಕ್ಕದ ಪುಟ ನೋಡಿದ್ರೆ, ‘ಸೌಟು ಹಿಡಿದ ಅತ್ತೆ’! ನನಗೆ ಎದೆ ಧಸಕ್ಕಂತು. ಶನಿ ತನಕ ಹೋದ್ರೂ ಬಿಡ್ಲಿಲ್ವಲ್ಲಪ್ಪ ಈ ಮುದುಕಿ ಅಂತ!”

ಅಡುಗೆಮನೆಯಲ್ಲಿ ತ್ರಿಪುರಸುಂದರಿ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ನಡುಮನೆಯಲ್ಲಿ ಮಾತ್ರ ನಗುವಿರಲಿಲ್ಲ.

“ಅದು ನನ್ನ ಪುಸ್ತಕದ್ದಲ್ಲ,” ಎಂದರು ಸರಸ್ವತಮ್ಮ, ಒಣಗಿದ ದನಿಯಲ್ಲಿ. “ಹಾಳೆ ಹಿಂದೆ ಏನೋ ಇರತ್ತೆ. ನಾವು ಹಿಂದಿನದು ಓದಲ್ಲ.”

“ಟೈಲರ್ ಮನೆ ನಾರಾಯಣಮ್ಮನೂ ಕೇಳ್ತಿದ್ರು. ಅವರು ಶಾರದೆ ಪುಟಾನೆಲ್ಲ ಬಿಟ್ಟು ಬರೀ ಹಿಂದಿಂದೇ ಓದಿದ್ರಂತೆ.”

ಗೋದಮ್ಮ ಹೋದ ಮೇಲೆ ಸರಸ್ವತಮ್ಮ ಆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದರು. ಆವತ್ತು ಊಟದಲ್ಲಿ ಅವರಿಗೆ ಪಲ್ಯಕ್ಕೆ ಕಾಯಿ ಕಡಿಮೆ, ಸಾರಿಗೆ ಹುಳಿ ಜಾಸ್ತಿ, ಅನ್ನ ಮುದ್ದೆ. ಚಂದ್ರಶೇಖರಯ್ಯನವರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ರಾದ್ಧಾಂತ. ಏಪ್ರಿಲ್ ಹನ್ನೆರಡು. ಹೋಗಿ ಮತ್ತೆ ವಿಮಾನದ ಹಾಗೆ ನೆಲಕ್ಕಿಳಿಯುವ ಹೊಸ ಬಗೆಯ ನೌಕೆಯನ್ನು ಅಮೆರಿಕದಲ್ಲಿ ಹಾರಿಸುವ ದಿನ, ನಮ್ಮ ಲೆಕ್ಕಕ್ಕೆ ಸಂಜೆ ಐದೂವರೆಗೆ. ತ್ರಿಪುರಸುಂದರಿ ನಾಲ್ಕು ದಿನದಿಂದ ಅದನ್ನೇ ಜಪಿಸುತ್ತಿದ್ದಳು. ಸಂಜೆ ಹಾಲನ್ನು ಒಲೆಯ ಮೇಲಿಟ್ಟು, ಒಂದು ನಿಮಿಷ ಎಂದುಕೊಂಡು ರೇಡಿಯೋದ ಮುಂದೆ ಕೂತಳು. ಗೊರಗೊರ ಸದ್ದಿನ ನಡುವೆ ಇಂಗ್ಲಿಷಿನವನೊಬ್ಬ ಹತ್ತು, ಒಂಬತ್ತು, ಎಂಟು ಎಂದು ಎಣಿಸುತ್ತಿದ್ದ. ಅವಳು ಎರಡೂ ಕೈ ಮುಷ್ಟಿ ಹಿಡಿದು ಜೊತೆಗೇ ಎಣಿಸಿದಳು. ಮೇಲೆ ಹೋಯಿತು ಎಂದು ಆತ ಕೂಗಿದ, ಇವಳೂ ಕೂಗಿದಳು. ಅದೇ ಹೊತ್ತಿಗೆ ಅಡುಗೆಮನೆಯಿಂದ ಸುಟ್ಟ ವಾಸನೆ.

“ಅಲ್ಲಿ ನಿನ್ನ ರಾಕೆಟ್ಟೂ ಮೇಲೆ ಹೋಯ್ತು, ಇಲ್ಲಿ ನನ್ನ ಹಾಲೂ ಮೇಲೆ ಹೋಯ್ತು!” ಸರಸ್ವತಮ್ಮ ಬಟ್ಟೆ ಹಿಡಿದು ಪಾತ್ರೆ ಇಳಿಸುತ್ತ ಕಿರುಚಿದರು. “ಒಂದೂವರೆ ಸೇರು ಹಾಲು! ಏನೂಂದ್ರೆ, ನೋಡಿದ್ರಾ ನಿಮ್ಮ ಸೊಸೆ ಕೆಲಸಾನ?”

“ಅದರಲ್ಲಿ ಮನುಷ್ಯರು ಇದಾರಂತೆ ಕಣೇ, ಇಬ್ಬರು,” ಎಂದರು ಚಂದ್ರಶೇಖರಯ್ಯ, ತಾವೂ ರೇಡಿಯೋಕ್ಕೆ ಕಿವಿ ಹಚ್ಚಿ.

“ಇಲ್ಲೂ ನಾಲ್ಕು ಮನುಷ್ಯರು ಇದೀವಿ, ಕಾಫಿಗೆ ಕಾಯ್ತಾ!”

ಆದರೂ ಆವತ್ತು ಎಂಟು ಗಂಟೆಗೆ ಮಾವ, ಗಂಡ, ಸೊಸೆ ಮೂವರೂ ಮಹಡಿ ಹತ್ತಿದರು. ಪೂರ್ವದಲ್ಲಿ ಗುರುವೂ ಶನಿಯೂ ಒಂದರ ಪಕ್ಕ ಒಂದು ನಿಂತಿದ್ದವು. ಚಂದ್ರಶೇಖರಯ್ಯನವರು ಐವತ್ತು ವರ್ಷ ಪಂಚಾಂಗ ಓದಿದವರು, ಕನ್ಯಾರಾಶಿಯಲ್ಲಿ ಗುರು ಶನಿ ಎಂದು ಬಾಯಲ್ಲಿ ಹೇಳಿದ್ದೇ ಹೊರತು ಕತ್ತೆತ್ತಿ ನೋಡಿದ್ದಿಲ್ಲ. “ಇಷ್ಟು ಚೆನ್ನಾಗಿ ಕಾಣ್ತಾರಾ ಇವರು!” ಎಂದು ಮಗುವಿನ ಹಾಗೆ ಬೆರಗಾದರು. ಕೆಳಗಿನಿಂದ ಸರಸ್ವತಮ್ಮನವರ ದನಿ ಬಂತು: “ಶನಿ ನೋಡಿದ ಕಣ್ಣು ತೊಳ್ಕೊಂಡು ಊಟಕ್ಕೆ ಬನ್ನಿ.”

ಅದಾದ ಎರಡು ದಿನಕ್ಕೆ ತ್ರಿಪುರಸುಂದರಿ, ಹಿಂದಿನ ದಿನ ಬೀಗ ಹಾಕಲು ಮರೆತಿದ್ದ ಟ್ರಂಕು ತೆಗೆದಾಗ, ಜೋಡಿಸಿಟ್ಟಿದ್ದ ಕಮಲಾಕ್ಷಿಯ ಹಾಳೆಗಳ ಪೈಕಿ ಹನ್ನೊಂದನೆಯ ಕಂತಿನ ಅಂಚಿನಲ್ಲಿ ಅರಿಸಿನದ ಹೆಬ್ಬೆರಳಿನ ಗುರುತು ಕಂಡಿತು. ನೀರಿನ ಟ್ಯಾಂಕಿಗೆ ತೂತು ಬಿದ್ದದ್ದು ಅದೇ ಕಂತಿನಲ್ಲಿ. ಮನೆಯಲ್ಲಿ ಕೈಗೆ ಅರಿಸಿನ ಹಚ್ಚಿಕೊಳ್ಳುವವರು ಒಬ್ಬರೇ. ಅವಳು ಹಾಳೆಯನ್ನು ಅಲ್ಲೇ ಇಟ್ಟಳು, ಟ್ರಂಕಿಗೆ ಬೀಗ ಹಾಕುವುದನ್ನು ಬಿಟ್ಟಳು.

ಏಪ್ರಿಲ್ ಕೊನೆಯಲ್ಲಿ ಸಂಡಿಗೆಯ ಕೆಲಸ. ಬೆಳಗ್ಗೆ ಆರಕ್ಕೇ ಅಕ್ಕಿಹಿಟ್ಟು ಕಾಸಿ, ಮಹಡಿಯ ಮೇಲೆ ಒದ್ದೆ ಪಂಚೆ ಹಾಸಿ, ಗೋದಮ್ಮ, ಟೈಲರ್ ಮನೆಯ ನಾರಾಯಣಮ್ಮ, ಅತ್ತೆ, ಸೊಸೆ ನಾಲ್ವರೂ ಇಡಲು ಕೂತರು. ಐದು ನಿಮಿಷ ಆಗಿತ್ತೋ ಇಲ್ಲವೋ, ಗೋದಮ್ಮ ಶುರುಮಾಡಿದರು. “ತ್ರಿಪುರಾ, ಟ್ಯಾಂಕು ಏನಾಯ್ತೇ? ಹೇಳ್ಬಿಡಮ್ಮ, ರಾತ್ರಿ ನಿದ್ದೆ ಬರಲ್ಲ.”

ತ್ರಿಪುರಸುಂದರಿ ಅತ್ತೆಯ ಮುಖ ನೋಡಿದಳು. ಅತ್ತೆ ಹ್ಞೂ ಎನ್ನಲಿಲ್ಲ, ಉಹ್ಞೂ ಎನ್ನಲಿಲ್ಲ, ಸೌಟಿನಿಂದ ಹಿಟ್ಟು ಬಿಡುತ್ತಲೇ ಇದ್ದರು. ಇವಳು ಕೆಳಗೆ ಹೋಗಿ ನೋಟ್‌ಬುಕ್ಕನ್ನೂ ಹಾಳೆಗಳನ್ನೂ ತಂದಳು. ಮೊದಲ ಪುಟ ನೋಟ್‌ಬುಕ್ಕಿನಿಂದ, ಉಳಿದದ್ದು ಹಾಳೆಯಿಂದ ಓದುತ್ತ ಹೋದಳು. ನೀರು ಸೋರಿಹೋಗಿ, ನೌಕೆಯವರು ಬೆವರನ್ನೂ ಬಚ್ಚಲ ನೀರನ್ನೂ ಶುದ್ಧಮಾಡಿ ಕುಡಿಯುವ ಭಾಗ ಬಂದಾಗ ನಾರಾಯಣಮ್ಮ ಹಿಟ್ಟಿನ ಕೈಯಲ್ಲೇ ಮೂಗು ಮುಚ್ಚಿಕೊಂಡರು.

“ಥೂ! ಮಡಿ ಮೈಲಿಗೆ ಏನೂ ಇಲ್ವಾ?”

“ಬೇರೆ ನೀರು ಎಲ್ಲಿಂದ ತರ್ತಾಳೆ ಅವಳು?” ಥಟ್ಟನೆ ಹೇಳಿದವರು ಸರಸ್ವತಮ್ಮ. “ನಲವತ್ತು ಜನ ಇದಾರೆ, ಒಂದು ಬಾಣಂತಿ ಬೇರೆ. ಮಡಿ ನೋಡ್ಕೊಂಡು ಕೂತ್ರೆ ಸಾಯ್ತಾರೆ ಅಷ್ಟೇ.” ಹೇಳಿದ ಮೇಲೆ ಅವರಿಗೇ ಎಲ್ಲರೂ ತಮ್ಮನ್ನು ನೋಡುತ್ತಿರುವುದು ಗೊತ್ತಾಗಿ, “ಹಿಟ್ಟು ಆರ್ತಿದೆ, ಬೇಗ ಬೇಗ ಇಡಿ,” ಎಂದು ಗದರಿದರು.

ಊಟದ ಹೊತ್ತಿಗೆ ಎಲ್ಲರೂ ಇಳಿದರು. ತ್ರಿಪುರಸುಂದರಿ ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅನ್ನಕ್ಕೆ ಇಡಲು ಮುಂಚೆ ಓಡಿದ್ದಳು. ನೋಟ್‌ಬುಕ್ಕು ಮೇಲೇ ಉಳಿಯಿತು. ಗಾಳಿ ಎದ್ದು ಪಂಚೆಯ ಮೂಲೆ ಹಾರುತ್ತಿದ್ದುದರಿಂದ, ಕಲ್ಲು ಹುಡುಕುವ ಬೇಸರಕ್ಕೆ ಸರಸ್ವತಮ್ಮ ಆ ನೋಟ್‌ಬುಕ್ಕನ್ನೇ ಮೂಲೆಯ ಮೇಲೆ ಭಾರಕ್ಕಿಟ್ಟು ಬಂದರು. ಮೂರು ಗಂಟೆಗೆ ಹೇಳದೆ ಕೇಳದೆ ದಪ್ಪ ಹನಿ ಶುರುವಾಯಿತು. “ಸಂಡಿಗೆ, ಸಂಡಿಗೆ!” ಎಂದು ಮನೆಮಂದಿಯೆಲ್ಲ ಮಹಡಿಗೆ ಓಡಿ ಪಂಚೆಗಳನ್ನು ಮಗು ಎತ್ತಿದ ಹಾಗೆ ಎತ್ತಿಕೊಂಡು ಬಂದರು. ಒಂದು ಸಂಡಿಗೆಯೂ ನೆನೆಯಲಿಲ್ಲ. ಮಳೆ ನಿಂತ ಮೇಲೆ ನೋಡಿದರೆ ನೋಟ್‌ಬುಕ್ಕು ಮಹಡಿಯ ನೀರು ಹೋಗುವ ತೂತಿಗೆ ಅಡ್ಡ ಬಿದ್ದು, ಸುತ್ತ ನೀಲಿ ನೀರು ನಿಂತಿತ್ತು. ಹತ್ತೊಂಬತ್ತು ಪುಟದಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

ತ್ರಿಪುರಸುಂದರಿ ಅದನ್ನು ಎರಡು ಬೆರಳಲ್ಲಿ ಹಿಡಿದು ನಡುಮನೆಗೆ ತಂದಳು.

“ಇದನ್ನ ಭಾರಕ್ಕೆ ಇಟ್ಟೋರು ಯಾರು?”

“ನಾನೇನು ಬೇಕೂಂತ ಮಾಡಿದ್ನಾ? ಪುಸ್ತಕಾನ ಮಹಡಿ ಮೇಲೆ ಬಿಟ್ಟು ಬಂದೋರ್ಯಾರು?”

“ಸಂಡಿಗೆ ಮುಂದಿನ ವರ್ಷಾನೂ ಇಡಬಹುದು ಅತ್ತೆ.” “ನಿಮ್ಮ ಒಂದು ಹಾಳೆಗೆ ಎಣ್ಣೆ ಕೈ ತಾಗಿದ್ರೆ ಮನೆ ಎಲ್ಲಾ ಎದ್ದು ನಿಲ್ಬೇಕು. ನಂದು ಮಾತ್ರ ಭಾರಕ್ಕೆ.”

ಮದುವೆಯಾದಾಗಿನಿಂದ ಅವಳು ಸಿಟ್ಟಿನಿಂದ ಎದುರು ಮಾತಾಡಿದ್ದು ಅದೇ ಮೊದಲು. ಬದರಿ ಆಫೀಸಿನಿಂದ ಬಂದು ವಿಷಯ ಕೇಳಿ, ಅಮ್ಮನ ಕಡೆ ಒಂದು ಮಾತು, ಹೆಂಡತಿಯ ಕಡೆ ಒಂದು ಮಾತು ಆಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡು, ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದ.

ಆಮೇಲಿನ ಮೂರು ವಾರ ಮನೆಯಲ್ಲಿ ಕೆಲಸ ನಡೆಯಿತು, ಮಾತು ನಡೆಯಲಿಲ್ಲ. ಬಡಿಸುವಾಗ “ಹಾಕ್ಲಾ?”, “ಸಾಕು”, ಅಷ್ಟೆ. ರಂಗೋಲಿಯಲ್ಲಿ ಮತ್ತೆ ಕಮಲ, ಶಂಖ ಬಂದವು. ರೇಡಿಯೋ ಕೃಷಿರಂಗಕ್ಕೆ ತಿರುಗಿತು. ಚಂದ್ರಶೇಖರಯ್ಯನವರು ಒಮ್ಮೆ, “ಮಹಡಿಗೆ ಹೋಗೋಣ್ವೇನಮ್ಮ, ಗುರು ಶನಿ ಏನ್ಮಾಡ್ತಿದಾರೋ?” ಎಂದರು. “ನೀವು ಹೋಗಿ ಮಾವ, ಪಾತ್ರೆ ಇದೆ,” ಎಂದಳು. ಅವರು ಒಬ್ಬರೇ ಹೋಗಿ ಐದು ನಿಮಿಷಕ್ಕೆ ಇಳಿದು ಬಂದರು.

ಅತ್ತೆಯ ಪುಸ್ತಕ ಕೇಳಿ ಪಡೆದು ಮತ್ತೆ ಇಳಿಸಿಕೊಳ್ಳಬಹುದಿತ್ತು, ಆದರೆ ಆ ಬೀರುವಿನ ಮುಂದೆ ಕೈಯೊಡ್ಡಲು ಅವಳಿಗೆ ಮನಸ್ಸಾಗಲಿಲ್ಲ. ಅವಳಿಗೆ ಉಳಿದಿದ್ದ ಒಂದೇ ಆಸೆ, ಪತ್ರಿಕೆಯವರು ಕಥೆಯನ್ನು ಪುಸ್ತಕವಾಗಿ ತಂದಾರು ಎಂಬುದು. ಉತ್ತರಕ್ಕೂ ಕಾರ್ಡು ಸೇರಿರುವ ಜೋಡಿ ಕಾರ್ಡು ಬರೆದಿದ್ದಳು. ಮೇ ಮಧ್ಯದಲ್ಲಿ ಉತ್ತರ ಬಂತು. ಕಾರ್ಡು ಎಂದ ಮೇಲೆ ಅದು ಮನೆಯವರೆಲ್ಲರಿಗೂ ಬಂದ ಹಾಗೇ, ಚಂದ್ರಶೇಖರಯ್ಯನವರು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು: “‘ಸದರಿ ಧಾರಾವಾಹಿಯನ್ನು ಪುಸ್ತಕವಾಗಿ ಪ್ರಕಟಿಸುವ ಆಲೋಚನೆ ಇಲ್ಲ. ಹಳೆಯ ಸಂಚಿಕೆಗಳೂ ಉಳಿದಿಲ್ಲ. ತಮ್ಮ ಅಭಿಮಾನಕ್ಕೆ ವಂದನೆಗಳು.’ ಮರ್ಯಾದಸ್ಥರು, ವಂದನೆ ಹೇಳಿದಾರೆ,” ಎಂದು ಸೇರಿಸಿದರು, ಸೊಸೆಯ ಮುಖ ನೋಡಲಾರದೆ.

ಅದೇ ವಾರ ಕಥೆಯ ಕೊನೆಯ ಕಂತೂ ಬಂದುಹೋಯಿತು. ತ್ರಿಪುರಸುಂದರಿ ಹಾಳೆಗಳನ್ನೆಲ್ಲ ಸೇರಿಸಿ, ಗೋಣಿದಾರದಲ್ಲಿ ಬಿಗಿದು, ಟ್ರಂಕಿನ ತಳಕ್ಕೆ ಹಾಕಿ ಮೇಲೆ ಸೀರೆ ಮುಚ್ಚಿದಳು. ಸರಸ್ವತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

“ಮುಗೀತಾ ಕಥೆ?”

“ಮುಗೀತು ಅತ್ತೆ.”

“ಎಲ್ಲಾನೂ ಕಟ್ಟಿಟ್ಟೆಯಾ?”

“ಎಲ್ಲಾನೂ ಎಲ್ಲಿದೆ? ಹತ್ತೊಂಬತ್ತು ಕಂತಿಗೆ ತಲೇನೇ ಇಲ್ಲ. ಮುಂಡ ಇಟ್ಕೊಂಡು ಏನ್ಮಾಡ್ಲಿ? ಒಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಇಟ್ಟೆ.”

ಮಾರನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ ಒಂದು ಗಳಿಗೆ ಒರಗುವ ಪದ್ಧತಿಯ ಸರಸ್ವತಮ್ಮ ಒರಗಲಿಲ್ಲ. ಸೀರೆ ಬದಲಾಯಿಸಿ, ಕೈಚೀಲ ಹಿಡಿದು ಬಂದು ನಿಂತರು.

“ಹೊರಡು. ಕಾಟನ್‌ಪೇಟೆಗೆ ಹೋಗಿ ಬರೋಣ. ನಿನ್ನ ಹಾಳೆ ಕಟ್ಟೂ ತಗೋ.”

“ಯಾಕೆ ಅತ್ತೆ?”

“ಬಾ ಅಂದ್ರೆ ಬಾ.”

ಬಿಸಿಲಲ್ಲಿ ಕೊಡೆ ಹಿಡಿದು ಮುಂದೆ ಅತ್ತೆ, ಹಿಂದೆ ಸೊಸೆ. ಲಕ್ಷ್ಮಯ್ಯನ ಅಂಗಡಿ ಒಂದು ಓಣಿಯೊಳಗೆ, ಮೂಟೆಗಳ ಮಧ್ಯೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮುದುಕ, ಅಂಟಿನ ಬೋಗುಣಿ ಮುಂದಿಟ್ಟುಕೊಂಡು ಶಾಲೆಯ ಹಾಜರಿ ಪುಸ್ತಕಗಳಿಗೆ ರಟ್ಟು ಕೂರಿಸುತ್ತಿದ್ದ. ಸರಸ್ವತಮ್ಮ ಚೀಲದಿಂದ ಹದಿನೈದನೆಯ ಪುಸ್ತಕ ತೆಗೆದು ಅವನ ಮುಂದಿಟ್ಟರು.

“ಏನಮ್ಮಾವ್ರೇ, ಹೊಲಿಗೆ ಬಿಟ್ಕೊಂತಾ? ನನ್ ಕೈ ಹೊಲಿಗೆ ಬಿಡಾಕಿಲ್ವೇ!”

“ಬಿಟ್ಟಿಲ್ಲ. ನೀನೇ ಬಿಡಿಸ್ಬೇಕು. ಇದರಲ್ಲಿ ಹತ್ತೊಂಬತ್ತು ಹಾಳೆ ತೆಗೆದು ಇವಳ ಕಟ್ಟಿಗೆ ಸೇರಿಸಿ ಹೊಸದಾಗಿ ಬೈಂಡ್ ಮಾಡು. ಪ್ರತೀ ಕಂತಿನ ಕೊನೇ ಹಾಳೆ.”

ತ್ರಿಪುರಸುಂದರಿ ಗಾಬರಿಯಾದಳು. “ಅತ್ತೆ, ಬೇಡ! ನಿಮ್ಮ ಪುಸ್ತಕ ಹಾಳಾಗತ್ತೆ.”

“ನೀನು ಸುಮ್ನಿರು.”

ಲಕ್ಷ್ಮಯ್ಯ ಪುಸ್ತಕ ತಿರುವಿ ಹಾಕಿ, ಹಾಳೆಯ ಎರಡೂ ಬದಿ ನೋಡಿ ತಲೆ ಕೆರೆದುಕೊಂಡ. “ಕೊನೆ ಹಾಳೆ ಕಿತ್ರೆ ನಿಮ್ ಕತೆ ಕುಂಟಾಗೋಯ್ತದಲ್ಲಮ್ಮಾ. ಓದೋರು ಏನ್ ಮಾಡ್ತಾರೆ?”

“ಆ ಪುಟದಲ್ಲಿ ಸೊಸೆ ಅಳ್ತಾಳೆ ಅಷ್ಟೇನಪ್ಪ. ಹತ್ತೊಂಬತ್ತು ವಾರಾನೂ ಅದೇ. ಓದೋರಿಗೆ ಹೇಳ್ದೇನೇ ಗೊತ್ತಾಗತ್ತೆ.”

ಮುದುಕ ನಕ್ಕ. ಆಮೇಲೆ ಕಸುಬಿನವನ ಗಾಂಭೀರ್ಯದಿಂದ ಎರಡೂ ಕಟ್ಟನ್ನು ಅಕ್ಕಪಕ್ಕ ಇಟ್ಟು ಅಳತೆ ನೋಡಿದ. “ಒಂದು ಮಾತು ಹೇಳ್ತೀನಿ ಕೇಳಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಎರಡನ್ನೂ ಸೇರ್ಸಿ ಒಂದೇ ದಪ್ಪ ಪುಸ್ತಕ ಮಾಡ್ಕೊಡ್ತೀನಿ. ಒಂದು ವಾರದ್ದು ನಿಮ್ದು, ಅದರ ಬೆನ್ನಿಗೇ ಅವರ್ದು. ಒಂದು ಹಾಳೇನೂ ಕೀಳಂಗಿಲ್ಲ. ಒಂದೇ ಮನೆ, ಒಂದೇ ಪುಸ್ತಕ. ಏನಂತೀರಿ?”

ಎಂಥ ಒಳ್ಳೆಯ ಉಪಾಯ! ಇದು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ತ್ರಿಪುರಸುಂದರಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. “ಹಾಗೇ ಮಾಡಿಸೋಣ ಅತ್ತೆ,” ಎಂದಳು.

ಸರಸ್ವತಮ್ಮ ತಲೆಯಾಡಿಸಿದರು.

“ಬೇಡ. ಒಂದೇ ಪುಸ್ತಕ ಅಂದ್ರೆ ಅದು ನನ್ನ ಬೀರುಗೆ ಬರತ್ತೆ. ಬೀಗದ ಕೈ ನನ್ನ ಸೊಂಟದಲ್ಲಿರತ್ತೆ. ಬೀದಿಯವರು ಸರಸ್ವತಮ್ಮೋರ ಪುಸ್ತಕ ಅಂತಾರೆ. ಆ ಮನೇಲಿ ಪಾತ್ರೆ ನಂದು, ಒಲೆ ನಂದು, ಬೀರು ನಂದು, ಇವಳ ಗಂಡನೂ ಮೊದಲು ನನ್ನ ಮಗ. ನಾನು ಸೊಸೆಯಾಗಿ ಬಂದಾಗಲೂ ಹಾಗೇ ಇತ್ತು, ನಮ್ಮತ್ತೆ ಕಾಲದಲ್ಲಿ ನಂದು ಅಂತ ಒಂದು ಲೋಟ ಇರ್ಲಿಲ್ಲ. ಇವಳದು ಅಂತ ಒಂದು ಇರ್ಲಿ ಲಕ್ಷ್ಮಯ್ಯ. ಕಿತ್ತು ಕೊಡು.”

ಲಕ್ಷ್ಮಯ್ಯ ಬ್ಲೇಡು ತೆಗೆದುಕೊಂಡು ಹೊಲಿಗೆಯ ದಾರಕ್ಕೆ ಕೈಹಾಕಿದ. ದಾರ ಟಪ್ಪೆಂದು ತುಂಡಾದಾಗ ಸರಸ್ವತಮ್ಮ ಮುಖವನ್ನು ಒಂದು ಕ್ಷಣ ಬೀದಿಯ ಕಡೆಗೆ ತಿರುಗಿಸಿದರು. ತ್ರಿಪುರಸುಂದರಿಗೆ ದುಃಖ ಒತ್ತರಿಸಿ ಬಂತು. ಅಂಗಡಿಯೆಂದೂ ನೋಡದೆ ಅತ್ತಳು. ಯಾರೂ ಅವಳನ್ನು ಇಷ್ಟು ಅರ್ಥಮಾಡಿಕೊಂಡಿರಲಿಲ್ಲ, ಅಪ್ಪನೂ ಕೂಡ.

“ಮೇಲೆ ಹೆಸರು ಏನಂತ ಹಾಕ್ಲವ್ವಾ?” ಲಕ್ಷ್ಮಯ್ಯ ಒಂದು ಚೀಟಿಯನ್ನೂ ಪೆನ್ಸಿಲನ್ನೂ ಅವಳ ಮುಂದೆ ಹಿಡಿದ. “ಚಿನ್ನದ ಅಕ್ಸರದಾಗೆ ಒತ್ತಿಸ್ತೀನಿ. ತಪ್ಪಿಲ್ದಂಗೆ ಬರ್ಕೊಡಿ.”

ಅವಳು ಕಣ್ಣೊರೆಸಿಕೊಂಡು ಬರೆದಳು: ಶ್ರೀಮತಿ ತ್ರಿಪುರಸುಂದರಿ ಬದರೀನಾರಾಯಣ.

ಸರಸ್ವತಮ್ಮ ಹೆಗಲ ಮೇಲಿಂದ ಬಗ್ಗಿ ಓದಿದರು.

“ಬದರಿ ಯಾಕೆ ಬಂದ ಇಲ್ಲಿ? ಅವನು ಇದರಲ್ಲಿ ಒಂದು ಸಾಲಾದ್ರೂ ಓದಿದಾನಾ?”

“ಇಲ್ಲ ಅತ್ತೆ.”

“ಮತ್ತೆ? ಹೊಡೆದ್ಹಾಕು. ನಿನ್ನ ಹೆಸರು ಸಾಕು.”

ತ್ರಿಪುರಸುಂದರಿ ಇನ್ನೊಂದು ಚೀಟಿ ಕೇಳಿ ಇಸಿದುಕೊಂಡು, ತನ್ನ ಹೆಸರೊಂದನ್ನೇ ದೊಡ್ಡದಾಗಿ ಬರೆದುಕೊಟ್ಟಳು.